ಹಸಿರು ನೂಲಿನ ಬಾಟಲಿ

"ಬರ್ಫ ಇನ್ನೂ ತರ್ರಿ, ಇದು ಸಾಲಂಗಿಲ್ಲ," ಎಂದು ಡಾಕ್ಟರ್ ಇಷ್ರತ ನರ್ಸಿಗೆ ಹೇಳಿದರು. ನಾನು ಪೊಲೀಸ್ ಟೋಪಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

ರೋಣದ ಆ ದವಾಖಾನೆಯ ತುರ್ತು ಕೋಣೆಯಲ್ಲಿ ಮಲಗಿದ್ದವಳು ನಾಗರತ್ನಾ, ಗಜೇಂದ್ರಗಡದ ನೇಕಾರರ ಮನೆಯ ಸೊಸೆ. ಮೈತುಂಬ ಒದ್ದೆ ಬಟ್ಟೆ, ಕಂಕುಳಲ್ಲಿ ಬರ್ಫದ ಚೀಲ, ಬಾಯಲ್ಲಿ ಉಸಿರಿನ ನಳಿಗೆ, ಮೂಗಿನಲ್ಲಿ ಔಷಧದ ನಳಿಗೆ. ಇಷ್ಟಾದರೂ ಜ್ವರ ಇಳಿಯಲೊಲ್ಲದು. ಅರೆ ತೆರೆದ ಕಣ್ಣಿನ ಬಿಳಿಭಾಗ ಅರಿಸಿನದ ಬಣ್ಣಕ್ಕೆ ತಿರುಗಿತ್ತು.

ಗಂಡನ ಮನೆಯವರು ಮಗಳಿಗೆ ವಿಷ ಹಾಕಿದ್ದಾರೆಂದು ಅವಳ ಅಪ್ಪ, ಬೆಳವಣಕಿಯ ಮಹಾದೇವಪ್ಪ, ದೂರು ಕೊಟ್ಟಿದ್ದ. ಗಂಡ ಮುತ್ತಣ್ಣ ನಿನ್ನೆಯಿಂದ ನನ್ನ ಠಾಣೆಯ ಬೆಂಚಿನ ಮೇಲೆ ಕೂತಿದ್ದ.

ಡಾಕ್ಟರ್ ನನ್ನನ್ನು ಪಡಸಾಲೆಯ ಮೂಲೆಗೆ ಕರೆದರು.

"ಸಾಹೇಬ್ರ, ನೀವು ತಿಳಕೊಂಡಂಥಾ ವಿಷಾ ಅಲ್ಲಿದು. ಹೊಲದಾಗ ಹುಳಕ್ಕ ಹೊಡಿಯೂ ಎಣ್ಣಿ ಕುಡಿದವ್ರಿಗೆ ಹಿಂಗ ಆಗಂಗಿಲ್ಲ."

"ಮತ್ತೇನ್ರಿ?"

"ಥೈರಾಯ್ಡ್. ಕುತ್ತಿಗ್ಯಾಗ ಒಂದು ಗ್ರಂಥಿ ಇರತೈತಲ್ಲ, ಮೈ ಎಷ್ಟು ಕಾಯಬೇಕು, ಗುಂಡಿಗಿ ಎಷ್ಟು ಬಡೀಬೇಕು ಅಂತ ಅದರ ರಸಾ ಹೇಳತೈತಿ. ಈಕಿ ರಕ್ತದಾಗ ಆ ರಸಾ ಉಕ್ಕಾಕತ್ತೈತಿ. ಮದಲ ಗುಂಡಿಗಿ ಸೋತ್ತು. ಆಮ್ಯಾಲ ಯಕೃತ್ತು. ಇವತ್ತ ಮುಂಜಾನಿಂದ ಮೂತ್ರಾನೂ ನಿಂತೈತಿ."

"ಇದಕ್ಕ ಔಷಧ ಇಲ್ಲೇನ್ರಿ?"

"ಐತಿ, ಎಲ್ಲಾ ಕೊಡಾಕತ್ತೇನಿ. ಗ್ರಂಥಿ ಹೊಸಾ ರಸಾ ಮಾಡಬಾರದಂತ ಗುಳಿಗಿ ಅರದು ಮೂಗಿನ ನಳಿಗ್ಯಾಗ ಬಿಟ್ಟೀನಿ. ಮಾಡಿಟ್ಟದ್ದು ಹೊರಗ ಬರಬಾರದಂತ ಅಯೋಡಿನ್ ಹಾಕೀನಿ. ಸ್ಟೆರಾಯ್ಡ್ ಹಾಕೀನಿ. ಗುಂಡಿಗಿ ಓಟಕ್ಕ ಕಡಿವಾಣ ಹಾಕೂ ಔಷಧಾ ಹನಿಹನಿ ಕೊಡಾಕತ್ತೇನಿ, ಒಂದೀಟು ಹೆಚ್ಚಾದ್ರ ಗುಂಡಿಗೀನಽ ನಿಂತುಬಿಡತೈತಿ. ಇಷ್ಟಕ್ಕ ಇಳೀಬೇಕಿತ್ತು. ಇಳೀವಲ್ದು."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಎರಡು ದಿನದಿಂದ ಮನೆಗೆ ಹೋಗಿಲ್ಲವೆಂದು ಮುಖವೇ ಹೇಳುತ್ತಿತ್ತು.

"ನನಗೊಂದು ಅನುಮಾನ ಐತ್ರಿ. ಈ ರಸಾ ಎಲ್ಲಾ ಅಕಿ ಗ್ರಂಥೀದಲ್ಲ. ಇದಽ ರಸಾ ಗುಳಿಗಿ ರೂಪದಾಗೂ ಸಿಗತೈತಿ, ಗ್ರಂಥಿ ಸೋತವ್ರಿಗೆ ಕೊಡ್ತಾರ. ಗ್ರಂಥಿ ಹೆಚ್ಚು ದುಡಿಯಾಕೀಗೆ ಅದನ್ನ ಕೊಟ್ರ ಏನಾದೀತು, ನೀವಽ ಹೇಳ್ರಿ."

ಏನಾದೀತೆಂದು ಗಾಜಿನ ಆಚೆ ಕಾಣುತ್ತಿತ್ತಲ್ಲ.

"ಗುಳಿಗಿ ಹೊಟ್ಟ್ಯಾಗ ಹೋಗಿದ್ದು ಖರೇ ಇದ್ರ, ನಾ ಕೊಡೂ ಔಷಧದಾಗ ಅರ್ಧಾ ದಂಡ, ಮ್ಯಾಲ ಯಕೃತ್ತಿಗೆ ಭಾರ. ಆಗ ಹುಬ್ಬಳ್ಳಿಗೆ ಒಯ್ದು ಯಂತ್ರಕ್ಕ ಹಚ್ಚಿ ರಕ್ತದಾಗಿನ ಆ ರಸಾನಽ ತೆಗೀಬೇಕು. ಆದ್ರ ಇಂಥಾ ಗುಂಡಿಗಿ ಕಟಗೊಂಡು ಹಾದಿ ಹಿಡದ್ರ, ನರಗುಂದ ದಾಟೂದ್ರಾಗ ನಿಂತರೂ ನಿಂತೀತು. ನನ್ನ ಅನುಮಾನ ಸುಳ್ಳಾದ್ರ ನಾನಽ ಅಕೀನ ಕೊಂದಂಗ."

"ರಕ್ತಾ ಪರೀಕ್ಷಾ ಮಾಡಿದ್ರ ತಿಳಿಯಂಗಿಲ್ಲೇನ್ರಿ?"

"ತಿಳೀತೈತಿ. ರಿಪೋರ್ಟ್ ಬೆಂಗಳೂರಿಂದ ಬರೂತನಕ ಈಕಿ ಇರಂಗಿಲ್ಲ. ಹೊತ್ತು ಮುಣಗೂದ್ರಾಗ ನೀವಽ ಹೇಳ್ರಿ ಸಾಹೇಬ್ರ, ಈಕಿ ಏನ ನುಂಗ್ಯಾಳ."

ಕಳ್ಳನನ್ನು ಹಿಡಿ, ಕೊಲೆಗಾರನನ್ನು ಹಿಡಿ ಎಂದು ಮೇಲಿನವರು ನನಗೆ ಗಡುವು ಕೊಟ್ಟದ್ದುಂಟು. ತಡವಾದರೆ ಒಂದು ಮೆಮೊ ಬರುತ್ತಿತ್ತು, ಓದಿ ಕಿಸೆಗೆ ಹಾಕಿಕೊಳ್ಳುತ್ತಿದ್ದೆ. ಈ ಸಲ ತಡವಾದರೆ ಒಬ್ಬ ಹೆಣ್ಣುಮಗಳು ಸಾಯುತ್ತಾಳೆ.

ಹೊರಗಿನ ಕಟ್ಟೆಯ ಮೇಲೆ ಮಹಾದೇವಪ್ಪ ಕೂತಿದ್ದ. ಧೋತರದ ಚುಂಗಿನಲ್ಲಿ ಮಗಳ ಗಾಜಿನ ಬಳೆ ಕಟ್ಟಿಕೊಂಡಿದ್ದ. ನನ್ನನ್ನು ನೋಡಿ ಎದ್ದುನಿಂತ.

"ಬಳಿ ಯಾರೂ ತಗೀಲಿಲ್ರಿ ಸಾಹೇಬ್ರ, ತಾವಽ ಜಾರಿ ಬಿದ್ವು. ಕೈ ಅಷ್ಟು ಸಣ್ಣ ಆಗ್ಯಾವ. ಅಕಿ ಅತ್ತೀನ ಇನ್ನೂ ಹಿಡದಿಲ್ಲೇನ್ರಿ?"

"ಅಲ್ಲಿಗೇ ಹೊಂಟೀನ್ರಿ," ಎಂದೆ.

"ಒಂದೂವರಿ ತಿಂಗಳಾತು ನಾ ಅವರ ಮನ್ಯಾಗ ಇದ್ದು. ಮಗಳು ಒಣಗಾಕತ್ಯಾಳ ಅಂತ ಕೇಳಿ ಹೊಲಾ ಬಿಟ್ಟು ಬಂದ್ನಿ. ಬೀಗರ ಮನ್ಯಾಗ ಬಿಟ್ಟಿ ಕೂಳು ತಿಂದಾ ಅನಿಸಿಕೊಂಡೆ, ಓಣಿ ಮುಂದ ಜಗಳಾ ಆಡಿದ್ನಿ. ಏನ ಮಾಡಿದ್ರೂ ಉಳಸಾಕ ಆಗವಲ್ದು." ನಾನು ಅವನ ಭುಜ ತಟ್ಟಿ ಜೀಪು ಹತ್ತಿದೆ.

ದಾರಿಯುದ್ದಕ್ಕೂ ಕಾನ್‌ಸ್ಟೇಬಲ್ ಯಮನೂರ ಕೇಸನ್ನು ಬಿಡಿಸುತ್ತಲೇ ಇದ್ದ. ಅವನಿಗೆ ಜಗತ್ತಿನ ಅರ್ಧ ಅಪರಾಧ ಅತ್ತೆಯರು ಮಾಡಿದ್ದು, ಉಳಿದರ್ಧ ಮೈದುನರು. ಈ ಮನೆಯಲ್ಲಿ ಮೈದುನ ಇರಲಿಲ್ಲವಾದ್ದರಿಂದ ಅವನಿಗೆ ತನಿಖೆ ಮುಗಿದೇ ಹೋಗಿತ್ತು.

"ಸರ, ಸುಶೀಲವ್ವನ ಮೋತಿ ನೋಡ್ರಿ ನೀವು. ಒಂದ ಹನಿ ಕಣ್ಣೀರಿಲ್ಲ. ಕಲ್ಲು ಕುಂತಂಗ ಕುಂತಾಳ."

ಬಿಸಿಲಿಗೆ ಎರೆಹೊಲಗಳು ಬಿರಿದಿದ್ದವು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಗಾಳಿಯಿಲ್ಲದೆ ಸುಮ್ಮನೆ ನಿಂತಿದ್ದವು.

ನೇಕಾರರ ಓಣಿಯಲ್ಲಿ ಮನೆಮನೆಯಿಂದ ಮಗ್ಗದ ಸಪ್ಪಳ ಬರುತ್ತಿತ್ತು. ಮುತ್ತಣ್ಣನ ಮನೆಯೊಂದೇ ಮೌನವಾಗಿತ್ತು. ನಾನು ಹುಟ್ಟಿದ್ದೂ ಇಂಥದೇ ಮನೆಯಲ್ಲಿ; ಮಗ್ಗ ನಿಂತ ಮನೆಗೆ ಕಾಲಿಡುವ ಮೊದಲು ಈಗಲೂ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ.

ನಡುಮನೆಯಲ್ಲಿ ಕುಣಿಮಗ್ಗ. ನೆಲದೊಳಗೆ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವಂಥದ್ದು. ಹಸಿರು ಒಡಲಿನ ಸೀರೆ ಅರ್ಧಕ್ಕೆ ನಿಂತಿತ್ತು, ಲಾಳಿ ಎಳೆಗಳ ನಡುವೆ ಹಾಗೇ ಬಿದ್ದಿತ್ತು. ಕುಣಿಯ ಅಂಚಿಗೆ ಸುಶೀಲವ್ವ ಕಂಬಳಿ ಹೊದ್ದು ಕೂತಿದ್ದಳು.

ಯುಗಾದಿ ಕಳೆದ ಈ ಬಿಸಿಲಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಈಕೆಗೆ ಕಂಬಳಿ.

"ರತ್ನಾ ಹ್ಯಾಂಗದಾಳ್ರಿ?" ಎಂದಳು. ಧ್ವನಿ ಗೊಗ್ಗರಾಗಿತ್ತು, ಒಂದೊಂದು ಮಾತಿಗೂ ತಡೆದು ತಡೆದು ಉಸಿರು ತೆಗೆದುಕೊಳ್ಳುತ್ತಿದ್ದಳು. ಮುಖ ಬಾತಿತ್ತು, ರೆಪ್ಪೆ ಅರ್ಧ ಮುಚ್ಚಿತ್ತು. ಕಣ್ಣಲ್ಲಿ ಪೊರೆ ಬೆಳೆದದ್ದು ದೂರದಿಂದಲೇ ಕಾಣುತ್ತಿತ್ತು.

"ಜೀವ ಐತ್ರಿ," ಎಂದೆ. "ಅಕಿ ಗುಳಿಗಿ ಎಲ್ಲಿ ಇಡ್ತೀರಿ?"

ಆಕೆ ಮಗ್ಗದ ಹಿಂದಿನ ಗೋಡೆಯ ಗೂಡಿನ ಕಡೆಗೆ ಕೈ ತೋರಿಸಿದಳು. ಅಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಬಾಟಲಿ ಇದ್ದವು. ಒಂದೇ ಆಕಾರ, ಒಂದೇ ಬಿಳಿ ಮುಚ್ಚಳ, ಒಳಗೆ ಒಂದೇ ರೀತಿಯ ಪುಟ್ಟ ಬಿಳಿ ಗುಳಿಗೆ. ನೂಲಿಗೆ ಹಚ್ಚುವ ಗಂಜಿಯ ಕೈ ತಾಗಿ ತಾಗಿ ಮೇಲಿನ ಚೀಟಿ ಉಜ್ಜಿಹೋಗಿತ್ತು. ಒಂದರ ಕೊರಳಿಗೆ ಹಸಿರು ನೂಲು ಕಟ್ಟಿತ್ತು, ಇನ್ನೊಂದಕ್ಕೆ ನೀಲಿ.

"ಎರಡು ಯಾಕ್ರಿ?"

"ನನಗೂ ಥೈರಾಯ್ಡ್ ಐತ್ರಿ, ಅಕಿಗೂ ಐತಿ. ನಂದು ಸೋತದ್ದು, ಅಕಿದು ಹೆಚ್ಚಾದದ್ದು. ಹಸರು ನೂಲಿಂದು ನಂದು, ನೀಲಿ ನೂಲಿಂದು ಅಕಿದು. ನಮಗ ಚೀಟಿ ಓದಾಕ ಬರಂಗಿಲ್ಲ, ಅದಕ್ಕ ನಾನಽ ಕಟ್ಟೀನಿ."

ಉಜ್ಜಿ ಉಳಿದ ಅಕ್ಷರ, ಗುಳಿಗೆಯ ಮೇಲಿನ ಗುರುತು ಎರಡನ್ನೂ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ಉತ್ತರ ಕೂಡಲೇ ಬಂತು. ಹಸಿರು ನೂಲಿನದು ಸೋತ ಗ್ರಂಥಿಗೆ ಕೊಡುವ ರಸದ ಗುಳಿಗೆ. ನೀಲಿ ನೂಲಿನದು ಗ್ರಂಥಿಯನ್ನು ತಡೆಯುವ ಗುಳಿಗೆ. ಅತ್ತೆಯದು ಅತ್ತೆಗೆ, ಸೊಸೆಯದು ಸೊಸೆಗೆ. ಎಲ್ಲವೂ ಸರಿಯಾಗೇ ಇತ್ತು.

ಯಮನೂರನ ಮುಖ ಇಳಿಯಿತು. ನನ್ನದೂ ಇಳಿಯಿತು. ಬಾಟಲಿಗಳನ್ನು ಗೂಡಿನಲ್ಲಿ ಇಡಲು ಹೋದವನಿಗೆ ಅವುಗಳ ತೂಕ ಕೈಗೆ ಹತ್ತಿತು.

ಎರಡನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದೆ. ಹಸಿರು ನೂಲಿನದರಲ್ಲಿ ತಳದಲ್ಲಿ ನಾಲ್ಕೈದು ಗುಳಿಗೆ ಕಟಕಟ ಅಂದವು. ನೀಲಿಯದು ಮಂದವಾಗಿ ಸದ್ದು ಮಾಡಿತು, ಮುಕ್ಕಾಲು ಪಾಲು ತುಂಬಿತ್ತು. ದಿನಕ್ಕೊಂದು ನುಂಗುವ ಅತ್ತೆಯ ಬಾಟಲಿ ಬರಿದು, ಹೊತ್ತುಹೊತ್ತಿಗೆ ನುಂಗುವ ಸೊಸೆಯ ಬಾಟಲಿ ತುಂಬಿದ್ದು.

ಆ ಕಟಕಟ ಸದ್ದಿಗೆ ಸುಶೀಲವ್ವ ತಲೆ ಎತ್ತಿದಳು.

"ನಾನಽ ಕೊಟ್ಟೀನಿ," ಎಂದಳು. "ನನ್ನ ಗುಳಿಗಿ ಅಕಿಗೆ ಕೊಟ್ಟೀನಿ. ಅಕಿ ಬ್ಯಾಡಾಗಿತ್ತು ನನಗ. ಬರ್ಕೋರಿ."

ಯಮನೂರ ಬಿರುಸಿನಿಂದ ಫೋನು ತೆಗೆದು ರೆಕಾರ್ಡಿಗೆ ಹಚ್ಚಿದ. "ಮತ್ತೊಮ್ಮಿ ಹೇಳ್ರಿ," ಎಂದ. ಆಕೆ ಮತ್ತೊಮ್ಮೆ ಹೇಳಿದಳು, ಅಷ್ಟೇ ಸಾವಕಾಶವಾಗಿ, ಅವೇ ಮಾತು.

ಪೊಲೀಸರ ಮುಂದಿನ ಒಪ್ಪಿಗೆಗೆ ಕೋರ್ಟಿನಲ್ಲಿ ಕಿಮ್ಮತ್ತಿಲ್ಲ ಎಂಬುದು ಬೇರೆ ಮಾತು. ನನಗೇ ಅದರಲ್ಲಿ ಕಿಮ್ಮತ್ತು ಕಾಣಲಿಲ್ಲ. ಗೋಡೆಯ ಮೇಲೆ ಹೋದ ದೀಪಾವಳಿಯ ಫೋಟೋ ತೂಗುಹಾಕಿತ್ತು. ಅದರಲ್ಲಿ ಸುಶೀಲವ್ವನ ಗದ್ದ ಚೂಪಾಗಿತ್ತು, ಕಣ್ಣು ನಗುತ್ತಿದ್ದವು, ಪಕ್ಕದಲ್ಲಿ ನಾಗರತ್ನಾ ಅತ್ತೆಯ ತೋಳು ಹಿಡಿದು ನಿಂತಿದ್ದಳು. ಈಗ ಕಂಬಳಿಯೊಳಗೆ ಕೂತಿದ್ದವಳು ಅದೇ ಹೆಂಗಸು ಎಂದು ನಂಬಲು ಎರಡು ಸಲ ನೋಡಬೇಕಾಯಿತು.

"ಈ ಬಿಸಲಾಗ ಕಂಬಳಿ ಯಾಕ್ರಿ ಯವ್ವಾ?"

"ಥಂಡಿ ಹತ್ತತೈತಿ."

"ಮದಲಿಂದ?"

"ಇಲ್ಲ. ಈಗೀಗ."

"ಧ್ವನಿ?"

ಆಕೆ ಕಂಬಳಿಯನ್ನು ಗದ್ದದತನಕ ಎಳೆದುಕೊಂಡಳು.

ನಾನು ಆಕೆಯ ಎದುರು ನೆಲಕ್ಕೆ ಕೂತೆ. "ನಿಮ್ಮ ಗುಳಿಗಿ ನಿಮಗ ಸಿಗದಽ ಭಾಳ ದಿನಾ ಆಗ್ಯಾವ. ಅದರ ಬದಲಿ ನೀವು ರತ್ನಾನ ಗುಳಿಗಿ ನುಂಗಾಕತ್ತೀರಿ. ಸೋತ ಗ್ರಂಥೀನ ಅದು ಮತ್ತಷ್ಟು ಒತ್ತಿ ಹಿಡದೈತಿ. ಸೊಸೀಗೆ ವಿಷಾ ಹಾಕೂ ಅತ್ತಿ ತಾನೂ ವಿಷಾ ನುಂಗತಾಳೇನ್ರಿ? ಇಬ್ಬರಿಗೂ ಒಂದಽ ಕೈ ಕೊಟ್ಟೈತಿ. ತಪ್ಪಿ ಕೊಟ್ಟೈತಿ. ಯಾರ ಕೈ?"

"ನಂದಽ."

"ನೀಲಿ ಯಾವ್ದು, ಹಸರು ಯಾವ್ದು, ಹೇಳ್ರಿ ನೋಡೂಣು." ಎರಡೂ ಬಾಟಲಿಯನ್ನು ಆಕೆಯ ಮುಂದೆ ಹಿಡಿದೆ.

ಆಕೆ ನೋಡಿದಳು. ಪೊರೆ ಕಟ್ಟಿದ ಕಣ್ಣನ್ನು ಇಷ್ಟಿಷ್ಟೇ ಕಿರಿದು ಮಾಡಿದಳು. ಆಮೇಲೆ ಮುಖ ತಿರುಗಿಸಿದಳು.

ನಾನು ಎದ್ದು ಮಗ್ಗದ ಹತ್ತಿರ ಹೋದೆ. ನೇಯ್ದು ಸುತ್ತಿದ ಬಟ್ಟೆಯನ್ನು ನಿಧಾನಕ್ಕೆ ಬಿಚ್ಚಿದೆ. ಹಸಿರು ಸೀರೆಯ ಶುರುವಿನ ಗೇಣು ಕಣ್ಣಿಗೊತ್ತಿಕೊಳ್ಳುವ ಹಾಗಿತ್ತು, ಒಂದೆಳೆ ಆಚೀಚೆ ಇಲ್ಲ. ಮುಂದೆ ಹೋದಂತೆ ಎಳೆ ಒಂದು ಕಡೆ ಸಡಿಲ, ಒಂದು ಕಡೆ ಬಿಗಿ. ಕೊನೆಗೆ ಕೈ ನಡುಗಿದ್ದು ಬಟ್ಟೆಯಲ್ಲೇ ಕಾಣುತ್ತಿತ್ತು. ಪಾಪ, ಆ ಕೈಯಿಂದ ನಾಗರತ್ನಾ ಹೇಗೆ ನೇಯ್ದಳೋ. ಕಾಯಿಲೆ ಮೊದಲೇ ಇತ್ತು, ಆದರೆ ಬಿಗಡಾಯಿಸಿದ್ದು ಈ ಹಸಿರು ಮಗ್ಗಕ್ಕೆ ಏರಿದ ಮೇಲೆ.

ನನ್ನ ಕೈಯಲ್ಲಿದ್ದ ಬಾಟಲಿಯ ನೂಲನ್ನು ಸೀರೆಗೆ ಹಿಡಿದು ನೋಡಿದೆ. ಅದೇ ಹಸಿರು.

"ಇದಕ್ಕಿಂತ ಮುಂಚೆ ಮಗ್ಗದಾಗ ಯಾವ ಬಣ್ಣ ಇತ್ರಿ?"

ಸುಶೀಲವ್ವ ಕೈ ಚಾಚಿ ಮಗ್ಗದ ಬಟ್ಟೆಯನ್ನು ಸವರಿದಳು. ಪಕ್ಕದ ಮನೆಯ ಮಗ್ಗ ಬಡಿಯುತ್ತಲೇ ಇತ್ತು.

"ನೀಲಿ," ಎಂದಳು. ಆಮೇಲೆ ಮಾತು ತಾನಾಗಿಯೇ ಬಂತು. "ಕುಣ್ಯಾಗ ಕುಂತಾಕೀಗೆ ಎರಡೂ ಕೈ ಖಾಲಿ ಇರಂಗಿಲ್ಲ ಸಾಹೇಬ್ರ. ಎಳಿ ಜೋಡ್ಸುವಾಗಂತೂ ಎದ್ದು ಬರಾಕಽ ಆಗಂಗಿಲ್ಲ. ಅಕಿ ಬಾಯಿ ತೆರೀತಿದ್ಲು, ದಿನಾ ಮೂರು ಹೊತ್ತು ಎರಡೆರಡು ಗುಳಿಗಿ ಬಾಯಾಗ ಹಾಕಿ ನೀರ ಕುಡಸ್ತಿದ್ವಿ. ಏನ ಹಾಕಿದ್ರು ಅಂತ ಅಕಿ ಯಾವತ್ತೂ ನೋಡಿಲ್ಲ. ಹಾಕಾವ್ರು ಮರೀಬಾರದಂತ ನಾನಽ ಒಂದು ಗುರುತು ಹೇಳಿದ್ನಿ. ಮಗ್ಗದಾಗ ಯಾವ ಬಣ್ಣ ಐತೋ ಆ ಬಣ್ಣದ ನೂಲಿನ ಬಾಟ್ಲಿ ನೇಯಾಕೀದು. ಇನ್ನೊಂದು ನಂದು. ನಂದಕ್ಕ ನಾ ಕಡೀಗೆ ನೇಯ್ದ ಸೀರ್ಯಾಗಿನ ಹಸರು ನೂಲು ಕಟ್ಟಿದ್ನಿ."

"ನೀಲಿ ಮುಗೀತು. ಹಸರು ಏರಿತು."

"ಯುಗಾದಿ ಮುಂಚೆನಽ ಏರಿತ್ರಿ. ಬಾಟ್ಲಿ ನೂಲು ಬದ್ಲ ಮಾಡೂದು ನನ್ನ ಕೆಲಸಾಗಿತ್ರಿ. ಮಾಡಲಿಲ್ಲ. ಏನ ಏರಿತು ಅಂತ ನನ್ನ ಕಣ್ಣಿಗೆ ಕಾಣಲಿಲ್ಲ. ನೀಲಿ, ಹಸರು ಎರಡೂ ನನಗೀಗ ಒಂದಽ. ನಿನ್ನೆ ಬಾಜೂ ಮನಿಯಾಕಿ ಬಂದು, ಹಸರು ಸೀರಿ ಅರ್ಧಕ್ಕ ನಿಂತ್ತಲ್ಲಽ ಅಂದ್ಲು. ಆಗ ತಿಳೀತು." ಆಕೆ ಕಂಬಳಿಯ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಯಮನೂರ ಕಾಣಲಿಲ್ಲವೆಂದಿದ್ದ ಕಣ್ಣೀರು ಈಗ ಬಂತು. "ಅಕೀನ ನಾನಽ ಕೊಂದಂಗ ಆತಿಲ್ರಿ. ಮತ್ತ ಒಪ್ಪಿಕೊಂಡ್ರ ಸುಳ್ಳ ಹ್ಯಾಂಗಾಕ್ಕೇತಿ?"

"ಗುರುತು ನಿಮ್ಮದು. ಹಾಕಿದ ಕೈ ಯಾರದು?"

"ಬ್ಯಾಡ ತಮ್ಮಾ."

"ಮುತ್ತಣ್ಣಂದಾ?"

"ಒಂದು ಜೀವ ಹೊಂಟೈತಿ. ಇನ್ನೊಂದನ್ನ ಯಾಕ ಕೂಡಿಸಿ ಕಳಸ್ತೀ? ನನ್ನ ಹೆಸರ ಬರಿ, ಮುಗಿಸು. ನಾ ಹೆಂಗೂ ಮುದುಕಿ."

ಹೆತ್ತ ಕರುಳು ಮಗನನ್ನು ಕಾಯುತ್ತಿದೆ ಎಂದುಕೊಂಡೆ. ಹೊರಗೆ ಬಂದು ಡಾಕ್ಟರಿಗೆ ಫೋನು ಹಚ್ಚಿದೆ.

"ಬಾಯಾಗಿಂದಽ ಹೋಗೇತ್ರಿ. ಅತ್ತಿ ಗುಳಿಗಿ. ದಿನಾ ಮೂರು ಹೊತ್ತು, ಹೊತ್ತಿಗೆ ಎರಡೆರಡು. ಯುಗಾದಿ ಮುಂಚಿಂದ."

"ಹುಬ್ಬಳ್ಳಿಗೆ ಹೇಳ್ತೀನಿ. ಆಂಬುಲನ್ಸ್ ತಯಾರ್ ಮಾಡಸ್ತೀನಿ," ಎಂದರು ಇಷ್ರತ. "ಸಾಹೇಬ್ರ, ಅತ್ತಿ ಹ್ಯಾಂಗದಾರ? ಮೈ ಬಾತೈತೇನ? ನಿದ್ದಿಗಣ್ಣಾಗ ಮಾತಾಡ್ತಾರ?"

"ಹೌದ್ರಿ."

"ಅವ್ರನ್ನೂ ಲಗೂ ಕರ್ಕೊಂಡ ಬರ್ರಿ. ಅವ್ರದೂ ಜೀವಾನಽ."

ಸುಶೀಲವ್ವನನ್ನು ಯಮನೂರನೇ ಎತ್ತಿ ಜೀಪಿಗೆ ಹತ್ತಿಸಿದ. ರಸ್ತೆಯ ಕುಣಿಗಳಲ್ಲಿ ಜೀಪು ಕುಲುಕಿದಾಗಲೆಲ್ಲ ಆಕೆಯ ತಲೆಯನ್ನು ಕೈಯಿಂದ ಹಿಡಿದುಕೊಳ್ಳುತ್ತಿದ್ದ.

ನಾವು ರೋಣ ಮುಟ್ಟಿದಾಗ ಹೊತ್ತು ಮುಳುಗಲು ಬಂದಿತ್ತು. ದವಾಖಾನೆಯ ಬಾಗಿಲಿಗೆ ಆಂಬುಲನ್ಸ್ ಹಿಮ್ಮುಖವಾಗಿ ನಿಂತಿತ್ತು. ನಳಿಗೆ, ಸಿಲಿಂಡರು, ಬರ್ಫದ ಚೀಲ ಸಮೇತ ನಾಗರತ್ನಾಳನ್ನು ಹೊರಗೆ ತರುತ್ತಿದ್ದರು. ಇಷ್ರತ ಸ್ಟ್ರೆಚರಿನ ಜೊತೆಗೇ ನಡೆಯುತ್ತಿದ್ದರು, ಅವರ ಎರಡು ಬೆರಳು ಅವಳ ಕೊರಳ ನಾಡಿಯ ಮೇಲಿದ್ದವು. ತಾವೂ ಹುಬ್ಬಳ್ಳಿಯತನಕ ಹೋಗುವುದಾಗಿಯೂ, ಜೀಪಿನಲ್ಲಿದ್ದ ಸುಶೀಲವ್ವನಿಗೆ ನರ್ಸ್ ಇನ್ನೊಂದು ಸ್ಟ್ರೆಚರ್ ತರುತ್ತಿರುವುದಾಗಿಯೂ ಹೇಳಿ ಒಳಗೆ ಹತ್ತಿದರು.

ಮಹಾದೇವಪ್ಪ ಆಂಬುಲನ್ಸಿನ ಬಾಗಿಲು ಹಿಡಿದು ನಿಂತಿದ್ದ. ಮಗಳ ಪಾದ ಕಂಡಷ್ಟು ಹೊತ್ತು ಅವನ ಕಣ್ಣು ಅಲ್ಲೇ ಇತ್ತು. ನಾನು ಅವನನ್ನು ಸ್ವಲ್ಪ ಬದಿಗೆ ಕರೆದೆ.

"ಒಂದು ಮಾತು ಕೇಳ್ತೀನ್ರಿ. ರತ್ನಾಗ ಗುಳಿಗಿ ಮುತ್ತಣ್ಣ ಕೊಡ್ತಿದ್ನೇನು?"

"ಮುತ್ತಣ್ಣ?" ಅವನಿಗೆ ಸಿಟ್ಟೇ ಬಂತು. "ಅವನ ಕೈಯಾಗ ಬಿಡ್ತೇನೇನ್ರಿ ನಾ? ಅತ್ತಿ ಕೈಯಾಗ ಬಿಡ್ತೇನಾ? ಬಂದ ದಿವಸಽ ಗೂಡು ನನ್ನ ತಾಬೇಕ್ಕ ತಗೊಂಡೆ. ನನ್ನ ಕೈಯಿಂದ ನಾನಽ ಹಾಕೀನಿ. ಸಣ್ಣಾಕಿದ್ದಾಗ ಹ್ಯಾಂಗ ಬಾಯಿ ತೆರೀತಿದ್ಲೋ ಹಂಗಽ ತೆರೀತಿದ್ಲು, ನಕ್ಕೋತ. ಮಗ್ಗದ ಬಣ್ಣದ ಬಾಟ್ಲಿ. ಒಂದ ಹೊತ್ತೂ ತಪ್ಪಿಸಿಲ್ಲ. ಬೀಗಿತಿ ಗುಳಿಗೀನೂ ನಾನಽ ಚಾದ ಕಪ್ಪಿನ ಬಾಜೂಕ ಇಡ್ತಿದ್ನಿ. ಜಗಳಾ ಎಷ್ಟಽ ಇರಲಿ, ಔಷಧದಾಗ ಮೋಸಾ ಮಾಡಬಾರದ್ರಿ."

ಇನ್ನೊಂದು ಜೀವ ಎಂದು ಆ ಮುದುಕಿ ಹೇಳಿದ್ದು ಮಗನದಲ್ಲ, ಈ ಅಪ್ಪನದು.

"ಇಲ್ಲಿಗೆ ತಂದ ಮ್ಯಾಲೂ ಬಿಟ್ಟಿಲ್ರಿ," ಎಂದು ಅವನು ದನಿ ತಗ್ಗಿಸಿದ. "ನರ್ಸ ಮರತ್ರ ಅಂತ ಬಾಯಾಗ ನಳಿಗಿ ಹಾಕೂತನಕ ನಾನಽ ಹಾಕೀನಿ, ಯಾರಿಗೂ ಕಾಣದಂಗ. ಡಾಕ್ಟರಮ್ಮಗ ಹೇಳಬ್ಯಾಡ್ರಿ, ಬೈತಾರ."

ಕಿಸೆಯಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಅಂಗೈಯಲ್ಲಿ ಇಟ್ಟು, ಬೆರಳು ಮಡಿಚಿ ಮುಚ್ಚಿದ. ಒಳಗೆ ಪುಟ್ಟ ಬಿಳಿ ಗುಳಿಗೆಗಳು. ಅವನ ಕೈ ಒರಟಾಗಿತ್ತು, ಬೆಚ್ಚಗಿತ್ತು.

"ಉಳಿದದ್ದು ಇವಽ ಅದಾವ. ಹಾದ್ಯಾಗ ಹೊತ್ತು ಆಕ್ಕೇತಿ, ಯಾರರ ಅರದು ನಳಿಗ್ಯಾಗ ಹಾಕ್ರಿ ಅಂತ ಹೇಳ್ರಿ. ಇವು ಸಿಕ್ಕಿದ್ರ ಅಕಿ ಉಳೀತಾಳ."

ಒಳಗೆ ಇನ್ನೊಬ್ಬರಿಗೆ ಜಾಗವಿರಲಿಲ್ಲ; ಆಂಬುಲನ್ಸಿನ ಬಾಗಿಲು ಮುಚ್ಚಿತು. ನರಗುಂದದ ಹಾದಿ ಹಿಡಿದು ಅದು ಓಣಿ ತಿರುಗುವ ತನಕ ಅವನು ಕೈಮುಗಿದೇ ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ಗಜೇಂದ್ರಗಡಕ್ಕ ಹೋಗಿದ್ರಲ್ಲ, ಏನಾತ್ರಿ? ನನ್ನ ಮಗಳಿಗೆ ಇದನ್ನ ಮಾಡಿದಾವ್ರು ಯಾರು ಅಂತ ತಿಳೀತೇನ್ರಿ?"

ಅಂಗೈಯಲ್ಲಿ ಪೊಟ್ಟಣ ಹಾಗೇ ಇತ್ತು. ಅದನ್ನು ಅಂಗಿಯ ಕಿಸೆಗೆ ಹಾಕಿ ಗುಂಡಿ ಹಚ್ಚಿದೆ. ಯಮನೂರ ಫೋನಿದ್ದ ಕಿಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ನೆಲ ನೋಡುತ್ತಿದ್ದ.

ಜೀಪಿನ ಹಿಂಬದಿಯಿಂದ, ಕಂಬಳಿಯೊಳಗಿಂದ, ಆ ಗೊಗ್ಗರು ಧ್ವನಿ ನನಗಿಂತ ಮೊದಲು ಉತ್ತರ ಕೊಟ್ಟಿತು.

"ನಾನಽ ರೀ ಬೀಗರ. ಒಪ್ಪಿಕೊಂಡೀನಿ."